ಗೂಬೆ ಚಿಟ್ಟೆಯ ಫೋಟೋವನ್ನು ಒಮ್ಮೆ ತಲೆಕೆಳಗು ಮಾಡಿ ನೋಡಿ

ಪ್ರಶ್ನೆ: ಸರ್, ನನ್ನ ಮಗಳು ಫೋನಿನಲ್ಲಿ ಒಂದು ಫೋಟೋ ತೋರಿಸಿದಳು. ಥೇಟ್ ಗೂಬೆಯ ಮುಖ. ಎರಡು ದೊಡ್ಡ ಕಣ್ಣು, ನಡುವೆ ಕೊಕ್ಕು. ಕೆಳಗೆ ‘ಇದು ಗೂಬೆ ಚಿಟ್ಟೆ, ಶತ್ರು ಹತ್ತಿರ ಬಂದರೆ ಫಕ್ಕನೆ ರೆಕ್ಕೆ ಬಿಚ್ಚಿ ಗೂಬೆಯಾಗಿಬಿಡುತ್ತದೆ’ ಎಂದು ಬರೆದಿತ್ತು. ಇದು ನಿಜವಾ? ಹಕ್ಕಿಗಳು ಅಷ್ಟು ಪೆದ್ದಾ? ಇಷ್ಟಕ್ಕೂ ಇದು ಚಿಟ್ಟೆಯೋ ಪತಂಗವೋ? ಎಲ್ಲಿ ನೋಡಲು ಸಿಗುತ್ತದೆ ಅಂತ ಮಗಳು ಕೇಳುತ್ತಿದ್ದಾಳೆ.

ಉತ್ತರ: ಮೊದಲು ಒಂದು ಕೆಲಸ ಮಾಡಿ. ಆ ಫೋಟೋವನ್ನು ತಲೆಕೆಳಗು ಮಾಡಿ. ಫೋನ್ ತಿರುಗಿಸಿದರೆ ಚಿತ್ರವೂ ತಾನೇ ತಿರುಗಿಕೊಳ್ಳುತ್ತದೆ, ಅದನ್ನು ಲಾಕ್ ಮಾಡಿಕೊಂಡು ನೋಡಿ. ಗೂಬೆ ಮಾಯವಾಯಿತು, ಅಲ್ವಾ? ಕೊಕ್ಕು ಅಂದುಕೊಂಡಿದ್ದು ಚಿಟ್ಟೆಯ ಮೈ. ತಲೆ ಈಗ ಮೇಲಕ್ಕೆ ಬಂತು, ಸಣ್ಣ ಮೀಸೆಗಳೂ ಕಾಣುತ್ತಿರಬೇಕು. ಎರಡು ಕಣ್ಣು ಇನ್ನೂ ಇವೆ, ಆದರೆ ಮುಖ ಇಲ್ಲ.

ನಿಮ್ಮ ಮಗಳು ನೋಡಿದ್ದು ಬಹುಶಃ ಸತ್ತ ಚಿಟ್ಟೆಯ ಫೋಟೋ. ಸಂಗ್ರಹ ಮಾಡುವವರು ನಾಲ್ಕೂ ರೆಕ್ಕೆಗಳನ್ನು ಹಲಗೆಯ ಮೇಲೆ ಅಗಲಿಸಿ, ಸೂಜಿ ಚುಚ್ಚಿ ಒಣಗಿಸುತ್ತಾರೆ. ಆಮೇಲೆ ಹೊಟ್ಟೆಯ ಬದಿ ನಮ್ಮ ಕಡೆ ಬರುವಂತೆ ಗಾಜಿನ ಚೌಕಟ್ಟಿನಲ್ಲಿ ಕೂರಿಸಿ, ತಲೆ ಕೆಳಗಾಗಿ ನೇತುಹಾಕುತ್ತಾರೆ. ಆಗ ಹುಟ್ಟುವ ಗೂಬೆ ಅದು. ಜೀವಂತ ಚಿಟ್ಟೆ ಆ ಭಂಗಿಯಲ್ಲಿ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅದು ಕೂತಾಗ ರೆಕ್ಕೆಗಳನ್ನು ಬೆನ್ನ ಮೇಲೆ ಜೋಡಿಸಿ, ಮುಚ್ಚಿದ ಪುಸ್ತಕದ ಹಾಗೆ ನಿಲ್ಲಿಸಿಕೊಳ್ಳುತ್ತದೆ. ಪಕ್ಕದಿಂದ ನೋಡಿದರೆ ಕಾಣುವುದು ಒಂದೇ ದೊಡ್ಡ ಕಣ್ಣು. ಇನ್ನೊಂದು ಆ ಕಡೆಯ ಮಗ್ಗುಲಲ್ಲಿ.

‘ಫಕ್ಕನೆ ರೆಕ್ಕೆ ಬಿಚ್ಚಿ’ ಅನ್ನುವ ಮಾತಂತೂ ಪೂರ್ತಿ ಉಲ್ಟಾ. ಆ ಕಣ್ಣುಗಳು ಇರುವುದು ಹಿಂದಿನ ರೆಕ್ಕೆಗಳ ಅಡಿಭಾಗದಲ್ಲಿ. ರೆಕ್ಕೆ ಬಿಚ್ಚಿದರೆ ಕಾಣುವುದು ಮೇಲ್ಭಾಗ. ಅಲ್ಲಿ ಕಣ್ಣಿಲ್ಲ. ಕಂದು ಬಣ್ಣ, ಅದರ ಮೇಲೆ ನೀಲಿಯೋ ನೇರಳೆಯೋ ಒಂದು ಮಿಂಚು, ಕೆಲವು ಜಾತಿಗಳಲ್ಲಿ ಹಳದಿ ಪಟ್ಟಿ. ಅಂದರೆ ರೆಕ್ಕೆ ಬಿಚ್ಚಿದ ಕೂಡಲೇ ‘ಗೂಬೆ’ ಅಡಗಿಹೋಗುತ್ತದೆ.

ಇದು ಯಾವ ಚಿಟ್ಟೆ ಅಂತ ಈಗ ಹೇಳಿಬಿಡುತ್ತೇನೆ. ಕ್ಯಾಲಿಗೋ ಎಂಬ ಕುಲದಲ್ಲಿ ಸುಮಾರು 20 ಜಾತಿಗಳಿವೆ. ಎಲ್ಲಕ್ಕೂ ಸೇರಿ ಗೂಬೆ ಚಿಟ್ಟೆ ಎಂದೇ ಹೆಸರು. ಮೆಕ್ಸಿಕೋದಿಂದ ಹಿಡಿದು ಮಧ್ಯ ಅಮೆರಿಕ ದಾಟಿ ಅಮೆಜಾನ್ ಕಾಡಿನವರೆಗೆ ಇವುಗಳ ನೆಲೆ. ಏಷ್ಯಾದಲ್ಲೂ ಇಲ್ಲ, ಆಫ್ರಿಕಾದಲ್ಲೂ ಇಲ್ಲ. ಗಾತ್ರ ದೊಡ್ಡದು. ಸಾಮಾನ್ಯವಾಗಿ ಕಾಣಸಿಗುವ ಜಾತಿಗಳಲ್ಲಿ ರೆಕ್ಕೆಯ ತುದಿಯಿಂದ ತುದಿಗೆ 12ರಿಂದ 15 ಸೆಂಟಿಮೀಟರ್. ನಿಮ್ಮ ಅಂಗೈ ಬಿಡಿಸಿ ಅದರ ಮೇಲೆ ಕೂರಿಸಿದರೆ ಬೆರಳುಗಳೆಲ್ಲ ಮುಚ್ಚಿಹೋಗುತ್ತವೆ.

ಲ್ಯಾಟಿನ್ ಭಾಷೆಯಲ್ಲಿ ಕ್ಯಾಲಿಗೋ ಅಂದರೆ ಕತ್ತಲು, ಮಬ್ಬು. ಜಾತಿಗಳ ಹೆಸರು ಇನ್ನೂ ಮಜಾ. ಮೆಮ್ನನ್, ಇಡೊಮೆನಿಯಸ್, ಟ್ಯೂಸರ್, ಏಟ್ರಿಯಸ್. ಎಲ್ಲ ಗ್ರೀಕ್ ಪುರಾಣದವರು, ಹೆಚ್ಚಿನವರು ಟ್ರಾಯ್ ಯುದ್ಧದಲ್ಲಿ ಹೋರಾಡಿದ ವೀರರು. ಇಡೊಮೆನಿಯಸ್, ಟ್ಯೂಸರ್ ಎರಡಕ್ಕೂ ಹೆಸರಿಟ್ಟವನು ಜೀವಿಗಳಿಗೆ ಲ್ಯಾಟಿನ್ ಹೆಸರಿಡುವ ಪದ್ಧತಿ ತಂದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್, 1758ರಲ್ಲಿ. ಚಿಟ್ಟೆಗಳಿಗೆ ಪುರಾಣದ ಹೆಸರು ಹಂಚುವುದು ಅವನಿಗೆ ರೂಢಿಯಾಗಿತ್ತು. ಕೊಳೆತ ಬಾಳೆಹಣ್ಣಿನ ಮೇಲೆ ಕೂತು ರಸ ಹೀರುವ ಯುದ್ಧವೀರರನ್ನು ನೆನೆಸಿಕೊಂಡರೆ ನನಗೆ ನಗು ಬರುತ್ತದೆ.

ಚಿಟ್ಟೆಯೋ ಪತಂಗವೋ ಎಂದು ಕೇಳಿದ್ದೀರಿ. ಅಪ್ಪಟ ಚಿಟ್ಟೆ. ಮೀಸೆ ತೆಳ್ಳಗಿದ್ದು ತುದಿಯಲ್ಲಿ ಸ್ವಲ್ಪ ದಪ್ಪಗಾಗುತ್ತದೆ. ಹಲವು ಪತಂಗಗಳಿಗಿರುವ ಗರಿಯಂಥ ಮೀಸೆ ಇಲ್ಲ. ಅನುಮಾನ ಬರುವುದು ಅದರ ದಿನಚರಿ ನೋಡಿದಾಗ. ಹಗಲೆಲ್ಲ ಮರದ ಬೊಡ್ಡೆಯ ಮೇಲೆ, ಪೊದೆಯ ನೆರಳಲ್ಲಿ ಸುಮ್ನೆ ಕೂತಿರುತ್ತದೆ. ಏಳುವುದು ಮುಸ್ಸಂಜೆಗೆ, ಮತ್ತೆ ನಸುಕಿನಲ್ಲಿ. ಹುಳ ತಿನ್ನುವ ಹಕ್ಕಿಗಳು ಗೂಡು ಸೇರುವ ಹೊತ್ತದು, ಕತ್ತಲು ಪೂರ್ತಿ ಆಗಿರುವುದಿಲ್ಲ. ಆ ಸಂದಿನ ಹೊತ್ತನ್ನು ಇದು ಆರಿಸಿಕೊಂಡಿರುವುದೇ ಹಕ್ಕಿಗಳಿಂದ ತಪ್ಪಿಸಿಕೊಳ್ಳಲು ಎಂಬ ವಾದವಿದೆ. ನನಗೂ ಅದು ಸರಿ ಅನಿಸುತ್ತದೆ. ಪನಾಮಾದ ಕಾಡಿನಂಚಿನಲ್ಲಿ ಗಂಡು ಚಿಟ್ಟೆಗಳು ಸಂಜೆ ಹೊತ್ತು ಒಂದೇ ಕಡೆ ಸೇರಿ, ತಮ್ಮ ತಮ್ಮ ಜಾಗ ಹಿಡಿದು ಹೆಣ್ಣಿಗಾಗಿ ಕಾಯುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ನವಿಲುಗಳು ಕುಣಿಯಲು ಜಾಗ ಹಿಡಿಯುತ್ತವಲ್ಲ, ಹೆಚ್ಚುಕಡಿಮೆ ಹಾಗೆ.

ಇನ್ನು ಕಣ್ಣಿನ ವಿಷಯ. ಇದನ್ನು ಹತ್ತಿರದಿಂದಲೇ ನೋಡಬೇಕು.

ಜೀವಂತ ಚಿಟ್ಟೆಗಳನ್ನು ಸಾಕಿ ಜನರಿಗೆ ತೋರಿಸುವ ಚಿಟ್ಟೆಮನೆಯೊಂದರಲ್ಲಿ ಒಮ್ಮೆ ಒಂದು ಗೂಬೆ ಚಿಟ್ಟೆ ನನ್ನ ಮುಖದ ಮಟ್ಟಕ್ಕೆ ಸರಿಯಾಗಿ ಕಂಬದ ಮೇಲೆ ಕೂತಿತ್ತು. ಒಂದು ಗೇಣು ದೂರದಿಂದ ಹತ್ತು ನಿಮಿಷ ನೋಡಿದೆ. ಅಲ್ಲಾಡಲಿಲ್ಲ. ರೆಕ್ಕೆಯ ಅಡಿಭಾಗವೆಲ್ಲ ಒಣಮರದ ತೊಗಟೆಯಂತೆ ಕಂದು, ಬೂದು, ಬಿಳಿ ಗೀರುಗಳು. ಯಾರೋ ಪೆನ್ಸಿಲ್ ಹಿಡಿದು ಸಣ್ಣ ಅಲೆಗಳನ್ನು ತಾಳ್ಮೆಯಿಂದ ಗೀಚಿದ ಹಾಗೆ. ಆ ಗೀರುಗಳ ನಡುವೆ ಕಣ್ಣು. ಹೊರಗೆ ಕಪ್ಪು ಅಂಚು, ಅದರೊಳಗೆ ಹಳದಿ ಉಂಗುರ, ಅದರೊಳಗೆ ಕಪ್ಪುಗಂದು ಗುಡ್ಡೆ. ಗುಡ್ಡೆಯ ನಟ್ಟನಡುವೆ ಅಲ್ಲ, ಸ್ವಲ್ಪ ಪಕ್ಕಕ್ಕೆ, ಉಗುರಿನ ತುದಿಯಂಥ ಒಂದು ಬಿಳಿ ಗೆರೆ. ನನ್ನನ್ನು ಮರುಳು ಮಾಡಿದ್ದು ಈ ಗೆರೆ. ನಿಜವಾದ ಕಣ್ಣು ಒದ್ದೆಯಾಗಿ, ಉಬ್ಬಿಕೊಂಡು ಇರುತ್ತದೆ. ಬೆಳಕು ಬಿದ್ದರೆ ಒಂದು ಬದಿಯಲ್ಲಿ ಹೊಳೆಯುತ್ತದೆ. ಇಲ್ಲಿ ಆ ಹೊಳಪನ್ನೂ ಬಣ್ಣದಲ್ಲೇ ಬರೆದಿದೆ. ಚಪ್ಪಟೆ ರೆಕ್ಕೆ ಗುಂಡಗೆ ಕಾಣುತ್ತದೆ. ಅದು ಬರಿ ಪುಡಿ ಅಂತ ಗೊತ್ತಿದ್ದೂ ನನಗೆ ಯಾರೋ ನೋಡುತ್ತಿದ್ದಾರೆ ಅನಿಸುತ್ತಲೇ ಇತ್ತು.

ಪುಡಿ ಅಂದೆ, ನಿಜಕ್ಕೂ ಅಷ್ಟೇ. ಚಿಟ್ಟೆ ಮುಟ್ಟಿದರೆ ಬೆರಳಿಗೆ ಅಂಟುವ ಆ ಪುಡಿಯ ಒಂದೊಂದು ಕಣವೂ ಒಂದು ಪುಟ್ಟ ಹುರುಪೆ. ಹೆಂಚು ಹೊದಿಸಿದ ಹಾಗೆ ಸಾಲಾಗಿ ಜೋಡಿಸಿರುತ್ತವೆ. ಒಂದು ಹುರುಪೆಗೆ ಸಾಮಾನ್ಯವಾಗಿ ಒಂದೇ ಬಣ್ಣ. ಸಾವಿರಾರು ಹುರುಪೆಗಳಲ್ಲಿ ಯಾವುದು ಕಪ್ಪಾಗಬೇಕು, ಯಾವುದು ಹಳದಿಯಾಗಬೇಕು ಎಂದು ನಿರ್ಧಾರವಾಗುವುದು ಪ್ಯೂಪಾದ ಒಳಗೆ, ಅಂದರೆ ಹುಳು ಚಿಟ್ಟೆಯಾಗಿ ಬದಲಾಗುವ ಕೋಶದೊಳಗೆ. ಅಮೆರಿಕದ ಜೀವವಿಜ್ಞಾನಿ ಫ್ರೆಡ್ ನೈಹೌಟ್ 1980ರಲ್ಲಿ ಇದನ್ನು ತೋರಿಸಿದ ಬಗೆ ಸರಳ, ಸ್ವಲ್ಪ ಕ್ರೂರ. ಅವರು ತೆಗೆದುಕೊಂಡಿದ್ದು ಬಕೈ ಎಂಬ ಬೇರೆ ಚಿಟ್ಟೆ, ಅದಕ್ಕೂ ಕಣ್ಣಚುಕ್ಕೆಗಳಿವೆ. ಹೊಸ ಪ್ಯೂಪಾದ ರೆಕ್ಕೆಯಲ್ಲಿ ಕಣ್ಣಿನ ನಡುಬಿಂದು ಎಲ್ಲಿ ಬರಬೇಕೋ ಅಲ್ಲಿನ ಕೆಲವೇ ಜೀವಕೋಶಗಳನ್ನು ಬಿಸಿ ಸೂಜಿಯಿಂದ ಸುಟ್ಟರು. ಕಣ್ಣು ಮೂಡಲೇ ಇಲ್ಲ, ಇಲ್ಲವೇ ಚಿಕ್ಕದಾಗಿ ಮೂಡಿತು. ಅದೇ ಜೀವಕೋಶಗಳನ್ನು ಕಿತ್ತು ರೆಕ್ಕೆಯ ಬೇರೆ ಜಾಗದಲ್ಲಿ ನೆಟ್ಟಾಗ ಅಲ್ಲಿ ಹೊಸ ಕಣ್ಣು ಮೂಡಿತು. ನಡುವಿನ ಆ ಬಿಂದುವಿನಿಂದ ಒಂದು ಸಂದೇಶ ಸುತ್ತಲೂ ಹರಡುತ್ತದೆ. ದೂರಕ್ಕೆ ತಕ್ಕಂತೆ ಬಣ್ಣ ಬದಲಾಗುತ್ತದೆ. ನೀರಿಗೆ ಕಲ್ಲು ಹಾಕಿದಾಗ ಏಳುವ ಉಂಗುರಗಳ ಹಾಗೆ ಅಂದುಕೊಳ್ಳಿ. ಚಿಟ್ಟೆಗಳಲ್ಲಿ ಎಲ್ಲಿ ನೋಡಿದರೂ ಕಣ್ಣು ಗುಂಡಗೇ ಇರುವುದು ಯಾಕೆ ಎಂಬುದಕ್ಕೂ ಇದರಲ್ಲೇ ಉತ್ತರವಿದೆ.

ಹಕ್ಕಿಗಳು ಪೆದ್ದಾ ಅಂತ ಕೇಳಿದಿರಲ್ಲ, ಈಗ ಅದಕ್ಕೆ ಬರೋಣ. ಈ ಪ್ರಶ್ನೆಗೆ ವಿಜ್ಞಾನಿಗಳು 60 ವರ್ಷಕ್ಕೂ ಮೇಲೆ ಜಗಳ ಆಡಿದ್ದಾರೆ.

1957ರಲ್ಲಿ ಬ್ಲೆಸ್ಟ್ ಎಂಬ ವಿಜ್ಞಾನಿ ಒಂದು ಪೆಟ್ಟಿಗೆ ಮಾಡಿಸಿ, ಅದರ ಮೇಲೆ ಹಕ್ಕಿಗೆ ಒಂದು ಹುಳ ಇಟ್ಟರು. ಹಕ್ಕಿ ಕುಕ್ಕಲು ಬಂದ ಕ್ಷಣಕ್ಕೆ ಹುಳದ ಎರಡು ಪಕ್ಕದಲ್ಲಿ ಕೆಳಗಿನಿಂದ ದೀಪ ಹೊತ್ತಿ ಒಂದು ಆಕಾರ ಮೂಡುತ್ತಿತ್ತು. ಒಮ್ಮೆ ಅಡ್ಡಗೆರೆ, ಒಮ್ಮೆ ಕೂಡಿಸುವ ಗುರುತು, ಒಮ್ಮೆ ಬಳೆ, ಒಮ್ಮೆ ಬಳೆಯೊಳಗೆ ಬಳೆ. ಆಕಾರ ಕಣ್ಣಿನ ಹತ್ತಿರ ಬಂದಷ್ಟೂ ಹಕ್ಕಿ ಹೆಚ್ಚು ಬೆಚ್ಚಿತು.

ಆಮೇಲೆ 2005ರಲ್ಲಿ ಸ್ವೀಡನ್ನಿನಲ್ಲಿ ನಡೆದ ಪ್ರಯೋಗ. ಅಲ್ಲಿ ಪೀಕಾಕ್ ಎಂಬ ಚಿಟ್ಟೆ ಇದೆ, ರೆಕ್ಕೆಯ ಮೇಲ್ಭಾಗದಲ್ಲಿ ನಾಲ್ಕು ಕಣ್ಣು. ಅದನ್ನು ಬ್ಲೂ ಟಿಟ್ ಎಂಬ ಪುಟ್ಟ ಹಕ್ಕಿಗಳ ಜೊತೆ ಒಂದು ಕೋಣೆಯಲ್ಲಿ ಬಿಟ್ಟರು. ಕೆಲವು ಚಿಟ್ಟೆಗಳ ಕಣ್ಣಿಗೆ ಬಣ್ಣ ಬಳಿದು ಮುಚ್ಚಿದ್ದರು. ಕಣ್ಣಿದ್ದ 34 ಚಿಟ್ಟೆಗಳಲ್ಲಿ ಸತ್ತಿದ್ದು ಒಂದೇ ಒಂದು. ಕಣ್ಣು ಮುಚ್ಚಿದ್ದ 20ರಲ್ಲಿ 13 ಹೋದವು. ‘ಫಕ್ಕನೆ ರೆಕ್ಕೆ ಬಿಚ್ಚಿ’ ಬೆದರಿಸುವ ಚಿಟ್ಟೆ ಇದು, ನೋಡಿ. ಹಕ್ಕಿ ಹತ್ತಿರ ಬಂದರೆ ಟಪ್ ಅಂತ ರೆಕ್ಕೆ ತೆರೆದು ಮುಚ್ಚಿ ಮಾಡುತ್ತದೆ. ನೀವು ಓದಿದ ಸಾಲು ಬರೆದವರು ಪೀಕಾಕ್ ಚಿಟ್ಟೆಯ ಗುಣವನ್ನು ತಂದು ಗೂಬೆ ಚಿಟ್ಟೆಗೆ ಅಂಟಿಸಿದ್ದಾರೆ ಅಂತ ನನ್ನ ಊಹೆ.

ಅಲ್ಲಿಗೆ ಕಣ್ಣು ಕೆಲಸ ಮಾಡುತ್ತದೆ ಎಂಬುದು ಖಾತ್ರಿಯಾಯಿತು. ಯಾಕೆ ಮಾಡುತ್ತದೆ ಎಂಬಲ್ಲಿ ತಕರಾರು. ಕಣ್ಣು ಅಂತ ಹೆದರುತ್ತದೋ, ಅಥವಾ ಎದ್ದು ಕಾಣುವ ವಿಚಿತ್ರ ಗುರುತು ಅಂತ ಹಿಂಜರಿಯುತ್ತದೋ? 2008ರಲ್ಲಿ ಮಾರ್ಟಿನ್ ಸ್ಟೀವನ್ಸ್ ಮತ್ತು ಸಂಗಡಿಗರು ಇಂಗ್ಲೆಂಡಿನ ಕಾಡಿನಲ್ಲಿ ಕಾಗದದ ಪತಂಗಗಳನ್ನು ಮರಗಳಿಗೆ ಚುಚ್ಚಿದರು. ಅಡಿಯಲ್ಲಿ ಒಂದು ಸತ್ತ ಹುಳ. ಕೆಲವಕ್ಕೆ ಗುಂಡು ಚುಕ್ಕೆ, ಕೆಲವಕ್ಕೆ ಚೌಕ, ಕೆಲವಕ್ಕೆ ಪಟ್ಟಿ. ಎದ್ದು ಕಾಣುವಂತಿದ್ದರೆ ಚೌಕವೂ ಪಟ್ಟಿಯೂ ಗುಂಡು ಚುಕ್ಕೆಯಷ್ಟೇ ಚೆನ್ನಾಗಿ ಹುಳವನ್ನು ಉಳಿಸಿದವು. ಕಣ್ಣಿನಂತೆಯೇ ಕಾಣಬೇಕಾಗಿಲ್ಲ, ಎದ್ದು ಕಂಡರೆ ಸಾಕು ಎಂದರು ಅವರು.

2015ರಲ್ಲಿ ಫಿನ್ಲೆಂಡಿನ ತಂಡ ಇದಕ್ಕೆ ತಿರುಗೇಟು ಕೊಟ್ಟಿತು. ಇವರು ಬಳಸಿದ್ದು ಗೂಬೆ ಚಿಟ್ಟೆಯದೇ ಚಿತ್ರ. ಗ್ರೇಟ್ ಟಿಟ್ ಹಕ್ಕಿ ಪರದೆಯ ಮೇಲಿಟ್ಟ ಹುಳ ತಿನ್ನಲು ಬಂದಾಗ ಚಿತ್ರ ಮೂಡುವ ಹಾಗೆ ಮಾಡಿದ್ದರು. ಕಣ್ಣು ಬಿಟ್ಟ ನಿಜವಾದ ಗೂಬೆ, ಕಣ್ಣು ಮುಚ್ಚಿದ ಗೂಬೆ, ಕಣ್ಣಿರುವ ಚಿಟ್ಟೆ, ಕಣ್ಣು ಅಳಿಸಿದ ಚಿಟ್ಟೆ. ಇನ್ನೊಂದು ಚಿತ್ರ ಇಡೀ ಪ್ರಯೋಗದ ಜೀವಾಳ. ಅದರಲ್ಲಿ ಚುಕ್ಕೆ ಅಷ್ಟೇ ಎದ್ದು ಕಾಣುತ್ತದೆ, ಆದರೆ ಕಣ್ಣಿನ ಹಾಗಿಲ್ಲ. ಹಕ್ಕಿಗಳು ಚಿಟ್ಟೆಯ ಕಣ್ಣಿಗೂ ಗೂಬೆಯ ಕಣ್ಣಿಗೂ ಒಂದೇ ರೀತಿ ಬೆಚ್ಚಿದವು. ಬರಿ ಎದ್ದು ಕಾಣುವ ಚುಕ್ಕೆಗೆ ಅಷ್ಟು ಹೆದರಲಿಲ್ಲ.

ಹಾಗಾದರೆ ತೀರ್ಮಾನ ಆಯಿತಲ್ಲ ಅನ್ನಬಹುದು. ನಾನು ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ಮೊದಲನೆಯದಾಗಿ, ಗ್ರೇಟ್ ಟಿಟ್ ಯುರೋಪಿನ ಹಕ್ಕಿ. ಅದು ಹುಟ್ಟಿದಾರಭ್ಯ ಗೂಬೆ ಚಿಟ್ಟೆಯನ್ನು ಕಂಡಿರುವುದಿಲ್ಲ. ಅದರ ಪೂರ್ವಿಕರೂ ಕಂಡಿಲ್ಲ. ಹಕ್ಕಿಯ ತಲೆಯಲ್ಲಿ ಕಣ್ಣಿನ ಭಯ ಎಷ್ಟು ಆಳವಾಗಿದೆ ಎಂದು ಆ ಪ್ರಯೋಗ ತೋರಿಸುತ್ತದೆ. ಕೋಸ್ಟರಿಕಾದ ಕಾಡಿನಲ್ಲಿ ನಿಜವಾಗಿ ಏನಾಗುತ್ತದೆ ಎಂದು ತೋರಿಸುವುದಿಲ್ಲ. ಎರಡನೆಯದು, ಅಲ್ಲಿ ಪರದೆಯ ಮೇಲೆ ಜೋಡಿ ಕಣ್ಣು. ಕಾಡಿನಲ್ಲಿ ಬೊಡ್ಡೆಗೆ ಅಂಟಿಕೊಂಡು ಕೂತ ಚಿಟ್ಟೆಯಲ್ಲಿ ಒಂಟಿ ಕಣ್ಣು. ಎರಡು ಕಣ್ಣಿನ ಗೂಬೆಯ ಮುಖವನ್ನು ಎದುರಿಗೆ ಕಂಡ ಹಕ್ಕಿಗೆ ಪ್ರಾಣಭಯ. ಒಂದೇ ಕಣ್ಣು ಕಂಡ ಹಕ್ಕಿಗೆ ಏನನಿಸಬೇಕು?

ಇದಕ್ಕೆ ಇನ್ನೊಂದು ಊಹೆ ಇದೆ, ನನಗೆ ಇದು ಜಾಸ್ತಿ ಇಷ್ಟ. ಮುಚ್ಚಿದ ರೆಕ್ಕೆಯನ್ನು ಪಕ್ಕದಿಂದ ನೋಡಿದರೆ ಅದು ಗೂಬೆಗಿಂತ ಮರಗಪ್ಪೆಯನ್ನೋ ಹಲ್ಲಿಯನ್ನೋ ಹೋಲುತ್ತದೆ. ಪಕ್ಕದಿಂದ ಕಂಡ ತಲೆ, ಅದಕ್ಕೆ ಒಂದು ದೊಡ್ಡ ಕಣ್ಣು. ಚಿಟ್ಟೆ ಹಿಡಿಯುವ ಚಿಕ್ಕ ಹಲ್ಲಿಗೆ ತನಗಿಂತ ದೊಡ್ಡ ಪ್ರಾಣಿಯೊಂದು ಅಲ್ಲಿ ಕೂತಿದೆ ಅನಿಸಿದರೆ ಸಾಕು, ತಂಟೆಗೆ ಬರುವುದಿಲ್ಲ. ಗೂಬೆ ಅನ್ನುವುದು ನಮ್ಮ ತಲೆಗೆ ಹೊಳೆಯುತ್ತದೆ, ಯಾಕೆಂದರೆ ನಾವು ಚೌಕಟ್ಟಿನಲ್ಲಿ ಜೋಡಿ ಕಣ್ಣು ಕಂಡವರು. ಹಲ್ಲಿ ಎಲ್ಲಿ ಚೌಕಟ್ಟು ನೋಡಿದೆ?

ಇನ್ನೂ ಒಂದು ಸಾಧ್ಯತೆ. ಕುಕ್ಕಲು ಬಂದವರು ಕಣ್ಣಿಗೇ ಕುಕ್ಕುತ್ತಾರೆ. ಕಣ್ಣು ರೆಕ್ಕೆಯ ಮೇಲಿದ್ದರೆ ಏಟು ರೆಕ್ಕೆಗೆ. ಒಂದು ತುಂಡು ಹರಿದುಹೋದರೂ ಚಿಟ್ಟೆ ಹಾರಬಲ್ಲದು, ತಲೆಗೆ ಬಿದ್ದರೆ ಮುಗಿಯಿತು. ರೆಕ್ಕೆಯ ಅಂಚಿನಲ್ಲಿ ಸಣ್ಣ ಸಣ್ಣ ಚುಕ್ಕೆ ಇರುವ ಚಿಟ್ಟೆಗಳಿಗೆ ಈ ಲೆಕ್ಕ ಸರಿಹೊಂದುತ್ತದೆ. ಗೂಬೆ ಚಿಟ್ಟೆಯ ಕಣ್ಣು ಅದಕ್ಕೆ ತೀರಾ ದೊಡ್ಡದು, ಅಂಚಿನಿಂದ ಒಳಗೂ ಇದೆ. ಹೀಗಾಗಿ ಇದು ಮುಖ್ಯ ಕಾರಣ ಇರಲಾರದು ಅಂತ ನನ್ನ ಅಭಿಪ್ರಾಯ.

ಅಂದಮೇಲೆ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಹಕ್ಕಿಗಳು ಪೆದ್ದಲ್ಲ. ಕಣ್ಣಿನಂಥದ್ದು ಕಂಡಾಗ ಅರೆಕ್ಷಣ ನಿಂತು ಯೋಚಿಸಿದ ಹಕ್ಕಿಗೆ ಹೋಗುವುದು ಒಂದು ಹುಳ. ಯೋಚಿಸದೆ ನುಗ್ಗಿದ ಹಕ್ಕಿಗೆ ಒಂದಲ್ಲ ಒಂದು ದಿನ ಪ್ರಾಣವೇ ಹೋಗುತ್ತದೆ. ಹತ್ತು ಸಲ ಸುಮ್ನೆ ಬೆಚ್ಚಿದರೂ ನಷ್ಟ ಕಡಿಮೆ. ಆ ಅರೆಕ್ಷಣವೇ ಚಿಟ್ಟೆಯ ಲಾಭ.

ಈಗ ನೀವು ಕೇಳದ ಒಂದು ವಿಷಯ ಹೇಳುತ್ತೇನೆ. ಈ ಚಿಟ್ಟೆಯ ಬಗ್ಗೆ ಮಾತು ಬಂದರೆ ಎಲ್ಲರೂ ಕಣ್ಣಿನಲ್ಲೇ ನಿಂತುಬಿಡುತ್ತಾರೆ, ಇದರ ಹುಳುವನ್ನು, ಅಂದರೆ ಮೊಟ್ಟೆಯಿಂದ ಬರುವ ಎಲೆ ತಿನ್ನುವ ಮರಿಯನ್ನು, ಕೇಳುವವರಿಲ್ಲ. ಅಲ್ಲಿನ ಬಾಳೆ ಬೆಳೆಗಾರರಿಗೆ ಮಾತ್ರ ಚಿಟ್ಟೆಗಿಂತ ಹುಳುವಿನ ಪರಿಚಯ ಚೆನ್ನಾಗಿದೆ.

ಹೆಲಿಕೋನಿಯಾ ಎಂಬ, ಬಾಳೆಯಂಥ ಎಲೆಯ ಕಾಡುಗಿಡ ಮತ್ತು ಬಾಳೆ, ಇವೆರಡರ ಎಲೆಗಳು ಇದರ ಮುಖ್ಯ ಊಟ. ಹುಳು ಚಿಕ್ಕದಿದ್ದಾಗ ಹಸಿರು. ಎಲೆಯ ನಡುದಂಟಿನ ಉದ್ದಕ್ಕೂ ಒಂದರ ಹಿಂದೆ ಒಂದು ಒತ್ತಾಗಿ ಮಲಗಿರುತ್ತವೆ, ದಂಟಿನ ಭಾಗವೇ ಅನಿಸುವಷ್ಟು. ಬೆಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತವೆ. ಕೊನೆಯ ಹಂತದಲ್ಲಿ ಉದ್ದ 10 ಸೆಂಟಿಮೀಟರ್ ದಾಟುತ್ತದೆ. ತಲೆಯ ಮೇಲೆ ಮುಳ್ಳಿನಂಥ ಕೋಡುಗಳು, ಬಾಲ ಕವಲೊಡೆದಿರುತ್ತದೆ. ಆಗ ಹಗಲು ಗಿಡದ ಬುಡದ ಒಣ ಪಟ್ಟೆಗಳಲ್ಲಿ ಅಡಗಿ ರಾತ್ರಿ ಮೇಲೆ ಹತ್ತಿ ತಿನ್ನುತ್ತವೆ. ತಂಟೆ ಮಾಡಿದರೆ ಕತ್ತಿನ ಕೆಳಗಿನಿಂದ ಒಂದು ಗ್ರಂಥಿಯನ್ನು ಹೊರಗೆ ಚಾಚಿ ಘಾಟು ವಾಸನೆ ಬಿಡುತ್ತವೆ.

ಇದರಲ್ಲಿ ಒಂದು ತಮಾಷೆ ಇದೆ. ಬಾಳೆ ಅಮೆರಿಕ ಖಂಡದ ಗಿಡವೇ ಅಲ್ಲ. ಆಗ್ನೇಯ ಏಷ್ಯಾದ್ದು. ಯುರೋಪಿನವರು ಅದನ್ನು ಅಲ್ಲಿಗೆ ಒಯ್ದಿದ್ದು 16ನೇ ಶತಮಾನದಲ್ಲಿ. ಗೂಬೆ ಚಿಟ್ಟೆಗಳು ಅದಕ್ಕೂ ಮೊದಲು ಲಕ್ಷಾಂತರ ವರ್ಷ ಹೆಲಿಕೋನಿಯಾ ಮತ್ತು ಅದರ ನೆಂಟರನ್ನು ತಿಂದು ಬದುಕಿದ್ದವು. ಬಾಳೆಯೂ ದೂರದ ನೆಂಟನೇ. ಹೊಸ ಗಿಡ ಬಂದಾಗ ಮೊಟ್ಟೆ ಇಡುವ ಹೆಣ್ಣಿಗೆ ಇದು ಹೊರಗಿನದು ಅನಿಸಲಿಲ್ಲ. ಕಾಡಿನಲ್ಲಿ ಅಲ್ಲೊಂದು ಇಲ್ಲೊಂದು ಸಿಗುತ್ತಿದ್ದ ಊಟ ಈಗ ಕಣ್ಣು ಹಾಯಿಸಿದಷ್ಟು ದೂರ.

ಹಾಗಿದ್ದರೂ ತೋಟಗಳು ಬೋಳಾಗಲಿಲ್ಲ, ಯಾಕೆಂದರೆ ಹುಳುವಿನ ಶತ್ರುಗಳೂ ಜೊತೆಗೇ ಬಂದವು. ಪುಟ್ಟ ಕಣಜಗಳು ಮತ್ತು ಕೆಲವು ನೊಣಗಳು ಇದರ ಮೊಟ್ಟೆಯೊಳಗೋ ಹುಳುವಿನೊಳಗೋ ತಮ್ಮ ಮೊಟ್ಟೆ ಇಟ್ಟು ಒಳಗಿನಿಂದಲೇ ತಿಂದು ಮುಗಿಸುತ್ತವೆ. 1950ರ ದಶಕದಲ್ಲಿ ಕೋಸ್ಟರಿಕಾದ ದಕ್ಷಿಣದ ಬಾಳೆ ತೋಟಗಳಲ್ಲಿ ಬೇರೆ ಕೀಟಗಳನ್ನು ಕೊಲ್ಲಲು ಡೀಲ್ಡ್ರಿನ್ ಎಂಬ ಕೀಟನಾಶಕ ಹೊಡೆಯಲು ಶುರು ಮಾಡಿದರು. ವಿಷಕ್ಕೆ ಮೊದಲು ಬಲಿಯಾಗಿದ್ದು ಕಣಜಗಳು. ಅಲ್ಲಿಯವರೆಗೆ ಲೆಕ್ಕಕ್ಕೇ ಇಲ್ಲದ ಎಲೆ ತಿನ್ನುವ ಹುಳುಗಳು ಮಿತಿಮೀರಿ ಹೆಚ್ಚಿದವು. ಅವನ್ನು ಕೊಲ್ಲಲು ಮತ್ತೆ ಬೇರೆ ಔಷಧಿ, ಮತ್ತೆ ಬೇರೆ ಹುಳು. 1973ರಲ್ಲಿ ಸಾಕಪ್ಪಾ ಅಂತ ಸಿಂಪಡಣೆ ನಿಲ್ಲಿಸಿದರು. ಒಂದೆರಡು ವರ್ಷದಲ್ಲೇ ಹೆಚ್ಚಿನ ಹುಳುಗಳ ಕಾಟ ತಾನಾಗಿ ಇಳಿಯಿತು. ಕಣಜಗಳು ವಾಪಸ್ ಬಂದಿದ್ದವು. ಹಕ್ಕಿಗಳಿಂದ ತಪ್ಪಿಸಿಕೊಳ್ಳಲು ಇಷ್ಟೆಲ್ಲ ಕಣ್ಣು ಬರೆಸಿಕೊಂಡ ಚಿಟ್ಟೆಗೆ ದೊಡ್ಡ ಶತ್ರು ಸಾಸಿವೆ ಕಾಳಿನಷ್ಟು ದೊಡ್ಡದಲ್ಲದ ಕಣಜ. ಅದಕ್ಕೆ ಈ ಕಣ್ಣು ಯಾವ ಲೆಕ್ಕ.

ಹುಳು ಬೆಳೆದು ಚಿಟ್ಟೆಯಾದ ಮೇಲೆ ಅದಕ್ಕೆ ಹೂವಿನ ಮೇಲೆ ಅಂಥ ಆಸೆ ಇಲ್ಲ. ಕೊಳೆತ ಹಣ್ಣು, ಮರದಿಂದ ಸೋರುವ ರಸ, ಒಮ್ಮೊಮ್ಮೆ ಸಗಣಿ. ಹುಳಿ ಬಂದ ಬಾಳೆಹಣ್ಣು ಕಂಡರೆ ಹೀರುನಳಿಕೆ ಇಳಿಸಿ ಮೈಮರೆಯುತ್ತದೆ. ಸಂಶೋಧಕರು ಇದನ್ನು ಹಿಡಿಯಲು ಬಲೆಯೊಳಗೆ ಇಡುವುದೂ ಅದನ್ನೇ.

ಕೊನೆಗೆ ನಿಮ್ಮ ಮಗಳ ಪ್ರಶ್ನೆ. ಕಾಡಿನಲ್ಲೇ ನೋಡಬೇಕು ಅಂದರೆ ಕೋಸ್ಟರಿಕಾ, ಪನಾಮಾ ಕಡೆ ಹೋಗಬೇಕು. ಆದರೆ ಇದು ಚಿಟ್ಟೆಮನೆಗಳಲ್ಲಿ ತುಂಬ ಸಾಕುವ ಜಾತಿ. ಕೋಸ್ಟರಿಕಾದಲ್ಲಿ ಇದನ್ನು ಬೆಳೆಸಿ, ಪ್ಯೂಪಾಗಳನ್ನು ಹತ್ತಿಯಲ್ಲಿಟ್ಟು ಬೇರೆ ಬೇರೆ ದೇಶಗಳ ಚಿಟ್ಟೆಮನೆಗಳಿಗೆ ಕಳಿಸುತ್ತಾರೆ. ಪ್ಯೂಪಾ ಒಣಗಿ ಮುದುರಿದ ಎಲೆಯ ಹಾಗಿರುತ್ತದೆ. ಯಾವಾಗಲಾದರೂ ಅಂಥ ಜಾಗಕ್ಕೆ ಹೋದರೆ ಬೆಳಿಗ್ಗೆ ಬೇಡ, ಬಾಗಿಲು ಮುಚ್ಚುವ ಮುಂಚಿನ ಸಂಜೆ ಹೊತ್ತಿಗೆ ಹೋಗಿ. ಹಗಲೆಲ್ಲ ಗೋಡೆಗೆ ಅಂಟಿಕೊಂಡಿದ್ದವು ಬೆಳಕು ಇಳಿಯುತ್ತಿದ್ದಂತೆ ಎದ್ದು, ತಲೆಯ ಮೇಲೆ ಭಾರವಾಗಿ ಸುತ್ತುತ್ತವೆ. ಅದಕ್ಕೂ ಮೊದಲು ಹಣ್ಣಿನ ತಟ್ಟೆಯ ಹತ್ತಿರ ಕೂತಿರುವ ಒಂದನ್ನು ಹುಡುಕಿ ಮಗಳಿಗೆ ತೋರಿಸಿ. ‘ಒಂದೇ ಕಣ್ಣಿದೆಯಲ್ಲಾ’ ಅಂತ ಅವಳು ಗೊಣಗಿದರೆ, ಮೆಲ್ಲಗೆ ಆ ಕಡೆಗೆ ಹೋಗಿ ನೋಡಲು ಹೇಳಿ. ರೆಕ್ಕೆ ಮುಟ್ಟಬಾರದು ಅಂತಲೂ ಹೇಳಿ, ಕಣ್ಣು ಬೆರಳಿಗೆ ಅಂಟಿಕೊಂಡು ಬಂದೀತು.